ನಮ್ಮ ಮನೆಗೆ ಭತ್ತದ ಯಂತ್ರ ಬಂದ ವರ್ಷ

ಯಂತ್ರ ಇರುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಯಂತ್ರ ಇಲ್ಲದ ಮನೆಯಲ್ಲೂ ಆಗುತ್ತದೆ, ಆದರೆ ಅಲ್ಲಿ ಬೈಯುವುದಕ್ಕೆ ಮನುಷ್ಯರೇ ಬೇಕಾಗುತ್ತಾರೆ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತರ ಮಾತು ಇದು. ಅಳದಂಗಡಿಯಿಂದ ನಾರಾವಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಅದರ ಕೆಳಗೆ ಗದ್ದೆ. ಅಳಿಯಸಂತಾನದ ಕುಟುಂಬವಾದ್ದರಿಂದ ಯಜಮಾನಿಕೆ ನನ್ನ ಸೋದರಮಾವನದ್ದು. ಮಾವನ ಮೇಲಿನ ಯಜಮಾನಿಕೆ ಅವರ ತಾಯಿಯದ್ದು, ಅಂದರೆ ನನ್ನ ಅಜ್ಜಿಯದ್ದು. ಅಜ್ಜಿಯ ಮೇಲೆ ದೈವಗಳು ಮಾತ್ರ. ಅವೂ ಅಜ್ಜಿಯ ಮುಖ ನೋಡಿಕೊಂಡೇ ಅಪ್ಪಣೆ ಕೊಡುತ್ತಿದ್ದವು ಎಂದು ನನಗೆ ಗುಮಾನಿ.

ಆಗ ನನಗೆ ಇಪ್ಪತ್ತಮೂರು ವರ್ಷ. ಬೇಸಾಯ ಮಾಡಿಕೊಂಡು ಮನೆಯಲ್ಲೇ ಇರುತ್ತೇನೆ ಎಂದು ನಾನು ಹೇಳಿದ್ದು ಮಾವನಿಗೆ ಸೋಮಾರಿತನದ ಇನ್ನೊಂದು ಹೆಸರಾಗಿ ಕೇಳಿಸಿತ್ತು. ಬೊಂಬಾಯಿಯಲ್ಲಿ ಅವರ ಸಂಬಂಧಿಕರೊಬ್ಬರ ಹೋಟೆಲು. ಗಲ್ಲಾಪೆಟ್ಟಿಗೆಯ ಹತ್ತಿರ ಕೂರಲು ಊರಿನ ನಂಬಿಕಸ್ಥ ಹುಡುಗ ಬೇಕು ಎಂದು ಕಾಗದ ಬಂದಿತ್ತು. ಅದೇ ವಾರ ಗ್ರಾಮಸೇವಕರು ಬಂದು, ಕಾಲಿನಲ್ಲಿ ತುಳಿದು ಭತ್ತ ಬಿಡಿಸುವ ಯಂತ್ರವೊಂದು ಅಭಿವೃದ್ಧಿ ಬ್ಲಾಕಿನ ಆಫೀಸಿನಿಂದ ಈ ಊರಿಗೆ ಮಂಜೂರಾಗಿದೆ, ಒಂದು ಬೆಳೆ ಎರಡು ಬೆಳೆ ನಡೆಸಿ ತೋರಿಸಿದವರಿಗೆ ಅದನ್ನೇ ಬಿಟ್ಟುಕೊಡುತ್ತಾರೆ, ನಡೆಸದಿದ್ದರೆ ವಾಪಸು ಎಂದರು. ನಾನು ಮಾವನನ್ನು ಕೇಳದೆ ಹೂಂ ಅಂದುಬಿಟ್ಟೆ.

ಮಾವ ಎಲೆಯಡಿಕೆ ಜಗಿದು ಮುಗಿಸಿ ಹೇಳಿದರು, "ಆಯಿತು. ಸುಗ್ಗಿ ಕೊಯ್ಲಿನವರೆಗೆ ನೋಡುವ. ಯಂತ್ರ ಇಲ್ಲಿ ನಿಂತರೆ ನೀನೂ ನಿಲ್ಲು. ಅದು ವಾಪಸು ಹೋದ ದಿನ ನೀನು ಬೊಂಬಾಯಿಗೆ ಹೋಗು."

ಬೊಂಬಾಯಿಗೆ ಹೋಗಲು ನನಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಆ ವರ್ಷ ನಡೆದದ್ದನ್ನೆಲ್ಲ ಓದುವಾಗ ಇದೊಂದು ನೆನಪಿರಲಿ. ಇನ್ನೊಂದು ಮಾತು, ನಮ್ಮ ಮನೆಯಲ್ಲಿ ಮಾತುಕತೆಯೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬೈಗುಳದ ರುಚಿ ಸ್ವಲ್ಪ ಕಡಿಮೆಯಾಗಿದ್ದರೆ ಕ್ಷಮಿಸಬೇಕು.

ಬಸ್ಸಿನ ಟಾಪಿನಲ್ಲಿ

ಯಂತ್ರ ಮಂಗಳೂರಿನಿಂದ ಬಂಟ್ವಾಳ ಪೇಟೆಯವರೆಗೆ ಬಂದು ಒಂದು ಅಂಗಡಿಯ ಜಗಲಿಯಲ್ಲಿ ಕುಳಿತಿತ್ತು. ಅದರ ರೂಪ ಹೇಳುತ್ತೇನೆ. ನಾಲ್ಕು ಕಾಲಿನ ಚೌಕಟ್ಟು, ಅದರ ಮೇಲೆ ಮಲಗಿಸಿದ ಪೀಪಾಯಿಯಂಥ ಉರುಳೆ, ಉರುಳೆಯ ಮೈತುಂಬ ತಂತಿಯ ಹಲ್ಲು. ಕೆಳಗಿನ ಹಲಗೆಯನ್ನು ಕಾಲಿನಲ್ಲಿ ಒತ್ತಿದರೆ ಉರುಳೆ ತಿರುಗುತ್ತದೆ. ಪೈರಿನ ಸೂಡಿಯನ್ನು, ಅಂದರೆ ಕಟ್ಟನ್ನು, ಅದಕ್ಕೆ ಹಿಡಿದರೆ ಭತ್ತ ಉದುರುತ್ತದೆ, ಹುಲ್ಲು ಕೈಯಲ್ಲಿ ಉಳಿಯುತ್ತದೆ. ಇಷ್ಟೇ.

ಬಸ್ಸಿನ ಕಂಡಕ್ಟರು ಅದನ್ನು ಟಾಪಿಗೆ ಹಾಕಿಸಿದ. ಅಲ್ಲಿ ಆಗಲೇ ಒಣಮೀನಿನ ಬುಟ್ಟಿಗಳೂ ಒಂದು ಕೋಳಿಯ ಬುಟ್ಟಿಯೂ ಇದ್ದವು. ಕೋಳಿ ಸಾಧಾರಣದ್ದಲ್ಲ, ಕೋಳಿಅಂಕದಲ್ಲಿ ಕಾಳಗಕ್ಕೆ ಬಿಡುವ ಹುಂಜ. ಅದರ ಧಣಿ ಕೆಳಗೆ ನನ್ನ ಪಕ್ಕದಲ್ಲೇ ಕುಳಿತು ಅದಕ್ಕೆ ಏನೇನು ತಿನ್ನಿಸಿದ್ದೇನೆ ಎಂದು ಬಂಟ್ವಾಳದಿಂದ ಬೆಳ್ತಂಗಡಿಯವರೆಗೂ ಹೇಳಿದ. ಆ ರಸ್ತೆಯ ಹೊಂಡಗಳಲ್ಲಿ ಬಸ್ಸು ಕುಪ್ಪಳಿಸಿದಾಗಲೆಲ್ಲ ಮೇಲೆ ಯಂತ್ರದ ತುಳಿಹಲಗೆಯೂ ಕುಪ್ಪಳಿಸಿದೆ, ಉರುಳೆ ತಿರುಗಿದೆ. ಹುಂಜ ಬುಟ್ಟಿಯ ಕಿಂಡಿಯಿಂದ ಬಾಲವನ್ನು ಹೊರಗೆ ಬಿಟ್ಟುಕೊಂಡಿತ್ತು. ಇದು ನಮಗೆ ಗೊತ್ತಾದದ್ದು ಇಳಿಯುವಾಗ.

ಬಾಲದ ಜಾಗದಲ್ಲಿ ಒಂದು ಗರಿಯೂ ಇರಲಿಲ್ಲ. ಹುಂಜಕ್ಕೆ ಬೇರೆ ಏನೂ ಆಗಿರಲಿಲ್ಲ, ಆದರೆ ಮುಖದಲ್ಲಿ ವಿಪರೀತ ಸಿಟ್ಟು. ಧಣಿಯ ಮುಖದಲ್ಲಿ ಅದಕ್ಕಿಂತ ಹೆಚ್ಚು. ಆತ ನನ್ನ ಹೆಸರು, ಮನೆ, ಮಾವನ ಹೆಸರು ಎಲ್ಲ ಕೇಳಿಕೊಂಡು ಹೋದ. ನಾನು ಒಂದು ವಾರ ಗೇಟಿನ ಕಡೆ ನೋಡುತ್ತಲೇ ಇದ್ದೆ.

ಎಂಟನೆಯ ದಿನ ಆತ ಬಂದ. ಕಂಕುಳಲ್ಲಿ ಇನ್ನೊಂದು ಹುಂಜ.

"ಆವತ್ತಿನದ್ದು ಅಂಕದಲ್ಲಿ ಗೆದ್ದಿತು," ಅಂದ. "ಅಂಥ ಸಿಟ್ಟು ಅದಕ್ಕೆ ಹಿಂದೆ ಯಾವತ್ತೂ ಬಂದದ್ದಿಲ್ಲ. ಇದನ್ನೂ ಒಮ್ಮೆ ನಿಮ್ಮ ಯಂತ್ರಕ್ಕೆ ಹಿಡಿದು ಕೊಡುವಿರಾ?"

ಮೊದಲು ಉಂಡವರು

ಯಂತ್ರ ಬಂದ ಹತ್ತು ಹನ್ನೆರಡು ದಿನಕ್ಕೆ ತೆನೆ ಕಟ್ಟುವ ಹಬ್ಬ. ಗದ್ದೆಯಿಂದ ಮೊದಲ ತೆನೆ ತಂದು, ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಯ ಜೊತೆ ನಾರಿನಿಂದ ಸುತ್ತಿ, ಮನೆಯ ಕಂಬಕ್ಕೆ, ಅಕ್ಕಿಯ ಕಲಶಕ್ಕೆ, ನೇಗಿಲಿಗೆ, ನೊಗಕ್ಕೆ, ಕೊಟ್ಟಿಗೆಗೆ ಎಲ್ಲ ಕಟ್ಟುವುದು. ಅದರ ಮೇಲೆ ಹೊಸ ಅಕ್ಕಿ ಊಟದ ದಿನ ಇಡೀ ಕುಟುಂಬ ಸೇರಿ, ಯಜಮಾನರು ಮೊದಲ ತುತ್ತು ಎತ್ತಿದ ಮೇಲೆಯೇ ಉಳಿದವರು ಉಣ್ಣುವುದು. ಅಲ್ಲಿಯವರೆಗೆ ಹೊಸ ಭತ್ತದ ಒಂದು ಕಾಳೂ ಯಾರ ಬಾಯಿಗೂ ಹೋಗಕೂಡದು.

ಅಜ್ಜಿ ಪಡಿಮಂಚಕ್ಕೂ ಒಂದು ತೆನೆ ಕಟ್ಟಿದರು. ಪಡಿಮಂಚವೆಂದರೆ ಸೂಡಿಯನ್ನು ಎತ್ತಿ ಬಡಿದು ಭತ್ತ ಬಿಡಿಸುವ ಮರದ ಮಂಚ. ನಮ್ಮ ಅಜ್ಜಂದಿರ ಕಾಲದಿಂದ ಅದೇ ನಮ್ಮ ಯಂತ್ರ. ಅದಕ್ಕೆ ಕಟ್ಟಿದ ಮೇಲೆ ಹೊಸಬನಿಗೆ ಕಟ್ಟದಿದ್ದರೆ ಬೇಸರವಾದೀತು ಎಂದು ಅಜ್ಜಿಗೆ ಕಂಡಿತು. ಎಲ್ಲಿ ಕಟ್ಟುವುದು? ಭತ್ತ ಉದುರುವ ಜಾಗ ಯಾವುದು ಎಂದು ನನ್ನನ್ನು ಕೇಳಿದರು. ನಾನು ಉರುಳೆ ತೋರಿಸಿದೆ. ಅಜ್ಜಿ ಅದಕ್ಕೆ ಮೂರು ಸುತ್ತು ನಾರು ಸುತ್ತಿ ಭದ್ರವಾಗಿ ಗಂಟು ಹಾಕಿದರು.

ಮರುದಿನ ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಸುಮ್ಮನೆ ನಾಲ್ಕು ಸಲ ತುಳಿದೆ. ತೆನೆ ಕಟ್ಟಿದ್ದು ಮರೆತೇ ಹೋಗಿತ್ತು. ಐದನೆಯ ಸಲ ಕಾಲು ಕೆಳಗೆ ಹೋಗಲಿಲ್ಲ. ನಾರು ಹಲ್ಲುಚಕ್ರಕ್ಕೆ ಸುತ್ತಿಕೊಂಡಿತ್ತು. ತೆನೆಯ ಕಾಳೆಲ್ಲ ಒಳಗೆ.

ಗ್ರಾಮಸೇವಕರು ಬಂದು ಅರ್ಧ ದಿನ ಕುಳಿತು ಬಿಚ್ಚಿದರು. ಚಕ್ರದ ಸಂದಿಯಿಂದ ಹಲಸಿನ ಎಲೆಯ ಚೂರುಗಳನ್ನು ಒಂದೊಂದಾಗಿ ತೆಗೆದು, "ಈ ಭಾಗಕ್ಕೆ ಎಲೆ ಹಾಕಬೇಕು ಅಂತ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ," ಅಂದರು.

ಯಂತ್ರ ಸರಿಯಾಯಿತು. ಸರಿಯಾಗದೆ ಉಳಿದದ್ದು ಮಾವ. ಜಗಲಿಯಲ್ಲಿ ಕುಳಿತು ಅವರು ತುಂಬ ಹೊತ್ತು ಆ ಯಂತ್ರವನ್ನೇ ನೋಡಿದರು.

"ಈ ಮನೆಗೆ ಯಜಮಾನ ನಾನು," ಅಂದರು. "ಹೊಸತು ಮೊದಲು ತಿಂದದ್ದು ಅದು."

ಸದ್ದು

ಮಳೆಗಾಲದ ಮೊದಲ ಬೆಳೆ, ನಮ್ಮ ಮಾತಿನಲ್ಲಿ ಏಣೆಲು, ಅದರ ಕೊಯ್ಲು ಶುರುವಾಯಿತು. ಪಡಿಮಂಚದಲ್ಲಿ ಬಡಿಯುತ್ತಿದ್ದ ನಾಲ್ವರು ಹೆಂಗಸರನ್ನು ಯಂತ್ರದ ಹತ್ತಿರ ನಿಲ್ಲಿಸಿದೆ. ಅವರಲ್ಲಿ ಹಿರಿಯವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಒಂದೇ ಗಂಟೆಯಲ್ಲಿ ಅವರಿಗೆ ಕಾಲಿನ ಲೆಕ್ಕ ಸಿಕ್ಕಿತು. ಎರಡು ಗಂಟೆಗೆ ನನಗಿಂತ ಚೆನ್ನಾಗಿ ತುಳಿದರು. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಅಕ್ಕ ಬಂದು, "ನಾಳೆಯಿಂದ ನಾವು ಮಂಚದಲ್ಲೇ ಬಡಿಯುತ್ತೇವೆ," ಅಂದರು.

"ಯಾಕೆ ಅಕ್ಕ, ಕಾಲು ನೋವುಂಟಾ?"

"ಕಾಲಿಗೆ ಏನೂ ಇಲ್ಲ."

"ಮತ್ತೆ ಯಂತ್ರ ಸರಿ ಇಲ್ಲವಾ?"

"ಯಂತ್ರಕ್ಕೆ ಏನು, ಅದರ ಪಾಡಿಗೆ ಅದು ಉಂಟು. ಅದು ಗರ ಗರ ಅನ್ನುವಾಗ ನಮಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಬೆಳಿಗ್ಗೆಯಿಂದ ಊರಿನಲ್ಲಿ ಏನಾಯಿತು ಅಂತ ಒಂದೂ ಗೊತ್ತಿಲ್ಲ. ಹೀಗೆ ಬದುಕುವುದು ಹೇಗೆ?"

ನಾನು ತುಂಬ ಯೋಚಿಸಿ ಒಂದು ವ್ಯವಸ್ಥೆ ಮಾಡಿದೆ. ಹೇಳುವಂಥದ್ದು ಏನಾದರೂ ಇದ್ದರೆ ಯಂತ್ರ ನಿಲ್ಲಿಸಿ ಹೇಳಿ ಮುಗಿಸುವುದು, ಮುಗಿದ ಮೇಲೆ ತುಳಿಯುವುದು. ಅವರು ಒಪ್ಪಿದರು. ಮರುದಿನ ನಾರಾವಿ ಕಡೆಯ ಒಂದು ಮದುವೆ ಮುರಿದ ಸುದ್ದಿ ಬಂತು. ಮದುಮಗ ಮದುವೆಯ ಹಿಂದಿನ ದಿನ ಚಾರ್ಮಾಡಿ ಘಾಟಿ ಹತ್ತಿ ಹೋಗಿಬಿಟ್ಟಿದ್ದಾನೆ. ಯಂತ್ರ ನಿಂತಿತು. ಅಕ್ಕ ಹೇಳುವ ರೀತಿಯೂ ಹಾಗೆಯೇ, ಹುಡುಗನ ಅಜ್ಜನಿಂದ ಶುರು ಮಾಡುವವರು. ಹುಡುಗ ಇನ್ನೂ ಹುಟ್ಟುವ ಮೊದಲೇ ಮಾವ ಜಗಲಿಯಿಂದ ಇಳಿದು ಬಂದರು.

ಮಾವ ಕೋಲು ಊರಿ ನಿಂತರು. "ಯಂತ್ರ ನಿಂತದ್ದು ಯಾಕೆ?"

ನನ್ನ ಕಣ್ಣಿಗೆ ಬೊಂಬಾಯಿಯ ರೈಲು ಕಂಡಿತು. ಅಕ್ಕ ಹೆದರದೆ ವಿಷಯ ಹೇಳಿದರು. ಮಾವ ಸುತ್ತ ನೋಡಿ, ಒಂದು ಸೂಡಿಯನ್ನು ಎಳೆದು ಅದರ ಮೇಲೆ ಕುಳಿತರು.

"ಹುಡುಗಿಯ ಕಡೆಯವರು ಏನಂದರು?"

ಆ ದಿನ ಯಂತ್ರ ಮತ್ತೆ ತಿರುಗಲಿಲ್ಲ.

ಹುಲ್ಲಿಗೆ ನೋವಿಲ್ಲ

ನಮ್ಮ ಗದ್ದೆಗೆ ತಾಗಿ ಒಂದು ಜೈನ ಮನೆತನದ ಗದ್ದೆ. ಮೂಡುಬಿದಿರೆ ಕಡೆಯಿಂದ ಬಂದು ಹತ್ತಾರು ತಲೆಮಾರು ಹಿಂದೆ ನೆಲೆಸಿದವರು. ಆ ಮನೆಯ ಧಣಿಗಳು ಬಹಳ ಸಜ್ಜನರು, ನಿಧಾನ ಮಾತಿನವರು. ಯಂತ್ರವನ್ನು ಒಂದು ದಿನಕ್ಕೆ ಕೇಳಿದರು. ನನಗೆ ಖುಷಿಯಾಯಿತು. ಇಬ್ಬರು ನಡೆಸಿದರೆ ಬ್ಲಾಕಿನವರಿಗೆ ಇನ್ನಷ್ಟು ಹೇಳಬಹುದಲ್ಲ. ನಾನೇ ಹೊರಿಸಿಕೊಂಡು ಹೋದೆ.

ಧಣಿಗಳು ಯಂತ್ರದ ಸುತ್ತ ಒಂದು ಬಾರಿ ಬಂದು ಕೇಳಿದರು, "ಇದರ ಒಳಗೆ ಹುಳ ಹೋದರೆ ಏನಾಗ್ತದೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸಾಯ್ತದೆ ಧಣಿ," ಅಂದೆ.

ಅವರು ತಲೆ ಆಡಿಸಿ ಒಂದು ಏರ್ಪಾಡು ಮಾಡಿಸಿದರು. ಮೊದಲು ಇಬ್ಬರು ಚಾಪೆಯ ಮೇಲೆ ಪ್ರತಿ ಸೂಡಿಯನ್ನೂ ಬಿಚ್ಚಿ, ಹುಳವೆಲ್ಲ ಹೋಗಲಿ ಎಂದು ಚೆನ್ನಾಗಿ ಕೊಡವಬೇಕು. ಆಮೇಲೆ ಇನ್ನೊಬ್ಬ ಅದನ್ನು ಮೆಲ್ಲನೆ ತಟ್ಟಬೇಕು, ಹಠ ಮಾಡಿ ಕುಳಿತ ಹುಳ ಇದ್ದರೆ ಅದಕ್ಕೂ ಅವಕಾಶ ಸಿಗಲಿ ಎಂದು. ಧಣಿಗಳು ಕೈಯಾರೆ ಪರೀಕ್ಷೆ ಮಾಡಿದ ಮೇಲೆ ಸೂಡಿ ಯಂತ್ರಕ್ಕೆ. ಏಣೆಲಿನ ಪೈರು ಚೆನ್ನಾಗಿ ಹಣ್ಣಾಗಿತ್ತು. ಕೊಡವಿದಾಗಲೇ ಮುಕ್ಕಾಲು ಭತ್ತ ಚಾಪೆಗೆ ಬಿತ್ತು, ತಟ್ಟಿದಾಗ ಉಳಿದ ಕಾಲು. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಬೆವರು ಸುರಿಸಿ ತುಳಿದು ಬರಿಯ ಹುಲ್ಲನ್ನು ಯಂತ್ರಕ್ಕೆ ಹಿಡಿದೆ.

ಸಂಜೆ ಬೀಳ್ಕೊಡುವಾಗ ಧಣಿಗಳು ಮನಸ್ಸಿನಿಂದ ಹೊಗಳಿದರು. "ಒಳ್ಳೆಯ ಯಂತ್ರ. ಹುಲ್ಲಿಗೆ ಒಂದಿಷ್ಟೂ ನೋವಾಗುವುದಿಲ್ಲ."

ಕೆಡ್ಡಸದ ದಿನ

ಎರಡನೆಯ ಬೆಳೆಯಾದ ಸುಗ್ಗಿಯ ಕೊಯ್ಲು ಮುಗಿಯುತ್ತ ಬಂದಿತ್ತು. ಅಂಗಳದ ಮೂಲೆಯಲ್ಲಿ ಕೊನೆಯ ಗದ್ದೆಯ ಸೂಡಿಗಳ ರಾಶಿ. ಆಗ ಬ್ಲಾಕಿನಿಂದ ಕಾರ್ಡು ಬಂತು. ಕೃಷಿ ಅಧಿಕಾರಿಗಳು ಖುದ್ದಾಗಿ ಬಂದು ಯಂತ್ರ ನಡೆಯುವುದನ್ನು ನೋಡಿ, ಅದನ್ನು ನಮಗೆ ಬಿಡುವುದೋ ಹಿಂದಕ್ಕೆ ಒಯ್ಯುವುದೋ ಎಂದು ತೀರ್ಮಾನಿಸುತ್ತಾರೆ. ಕಾರ್ಡಿನಲ್ಲಿದ್ದ ದಿನ ನೋಡಿ ನಾನು ಜಗಲಿಯಲ್ಲೇ ಕುಳಿತುಬಿಟ್ಟೆ. ಅದು ಕೆಡ್ಡಸದ ನಡುವಿನ ದಿನ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭೂಮಿತಾಯಿ ವರ್ಷಕ್ಕೊಮ್ಮೆ ಮುಟ್ಟಾಗುವ ಮೂರು ದಿನ ಕೆಡ್ಡಸ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ನೆಲಕ್ಕೆ ನೋವಾಗುವ ಯಾವ ಕೆಲಸವೂ ಇಲ್ಲ. ಕೊನೆಯ ದಿನ ಮನೆಯ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು ಅವಳಿಗೆ ಸ್ನಾನ ಮಾಡಿಸುತ್ತಾರೆ. ನಮ್ಮ ಯಂತ್ರವೋ, ತುಳಿಯುವಾಗ ಕುಣಿದು ಕುಣಿದು ನಾಲ್ಕು ಕಾಲಿನಿಂದಲೂ ಅಂಗಳ ಕೊರೆಯುತ್ತಿತ್ತು.

ಗ್ರಾಮಸೇವಕರ ಹತ್ತಿರ ಓಡಿದೆ. ಅವರು ನಮ್ಮ ಸೀಮೆಯವರೇ, ಕಷ್ಟ ಅರ್ಥವಾಯಿತು. "ಏನು ಮಾಡುವುದು ಮಾರಾಯರೇ, ಸಾಹೇಬರು ಘಟ್ಟದ ಮೇಲಿನವರು. ಸರ್ಕಾರದ ರಜೆಯ ಪಟ್ಟಿಯಲ್ಲಿ ಕೆಡ್ಡಸ ಇಲ್ಲ," ಅಂದರು.

ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದರು, "ಭೂಮಿತಾಯಿಗೆ ಮೂರು ದಿನ ರಜೆ ಕೊಡದ ಸರ್ಕಾರ ಮತ್ತೆ ಯಾರಿಗೆ ಕೊಡುವುದು?"

"ಯಂತ್ರದ ಕೆಳಗೆ ಹಲಗೆ ಇಡುವ ಅಜ್ಜಿ."

"ಹಲಗೆ ಇಡುವುದು ಎಲ್ಲಿ?"

"ನೆಲದ ಮೇಲೆ."

ಅಜ್ಜಿ ಎದ್ದು ಒಳಗೆ ಹೋದರು. ಮಾವ ಒಳಗಿನಿಂದ ಟ್ರಂಕು ತಂದು ಜಗಲಿಯಲ್ಲಿ ಬಿಸಿಲಿಗೆ ಇಟ್ಟರು. ಬೊಂಬಾಯಿಯಲ್ಲಿ ಸೆಕೆ ಹೆಚ್ಚು, ದಪ್ಪ ಅಂಗಿ ಬೇಡ ಎಂದೂ ಹೇಳಿದರು. ನಾನು ಅಂಗಳಕ್ಕೆ ಇಳಿದು ಸುಮ್ಮನೆ ನಿಂತೆ. ಎದುರಿಗೆ ನಮ್ಮ ಎತ್ತಿನ ಗಾಡಿ ನಿಂತಿತ್ತು.

"ಅಜ್ಜಿ, ಗಾಡಿಯ ಮೇಲೆ ಇಟ್ಟರೆ?"

ಅಜ್ಜಿ ಬಂದು ಗಾಡಿಯನ್ನು ನೋಡಿದರು. "ಗಾಡಿ ಮೊದಲಿನಿಂದ ಅಲ್ಲೇ ನಿಂತದ್ದು. ಅದನ್ನು ನಾವು ಇವತ್ತು ಇಟ್ಟದ್ದಲ್ಲ," ಎಂದು ಯೋಚಿಸಿ ಹೇಳಿದರು. "ಯಂತ್ರ ನೆಲಕ್ಕೆ ತಾಗಬಾರದು, ಅಷ್ಟೇ."

ಅಂತೂ ಕೆಡ್ಡಸದ ನಡುವಿನ ದಿನ ಯಂತ್ರ ಗಾಡಿ ಹತ್ತಿತು. ಎತ್ತುಗಳು ಕೊಟ್ಟಿಗೆಯಲ್ಲಿ. ಗಾಡಿಯ ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಮರವನ್ನು, ಹಳೆಯ ಪಡಿಮಂಚಕ್ಕೆ ಆನಿಸಿ, ಚಕ್ರಗಳ ಹಿಂದೆ ಒಂದೊಂದು ಕಲ್ಲು ಇಟ್ಟೆ. ಗಾಡಿಯ ಬೆನ್ನಿಗೆ ಅಂಗಳ ಮುಗಿದು ಗದ್ದೆಗೆ ಇಳಿಯುವ ಇಳಿಜಾರು. ಗದ್ದೆಗೆ ಮೂರನೆಯ ಬೆಳೆಗೆಂದು ನೀರು ಕಟ್ಟಿತ್ತು.

ಸಾಹೇಬರು ಜೀಪಿನಲ್ಲಿ ಬಂದರು. ಬಿಳಿ ಪ್ಯಾಂಟು, ಕೈಯಲ್ಲಿ ಪುಸ್ತಕ. ಗಾಡಿಯ ಮೇಲಿನ ಯಂತ್ರ ನೋಡಿ, "ಇದ್ಯಾಕ್ರೀ ಮೇಲೆ ಹತ್ತಿಸಿದ್ದೀರಾ?" ಅಂದರು. ಗ್ರಾಮಸೇವಕರು ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ.

"ಇಲ್ಲಿಯ ಪದ್ಧತಿ, ಸಾರ್," ಅಂದೆ. ಅದು ಸುಳ್ಳಲ್ಲ.

ನಾನು ಹತ್ತಿ ತುಳಿಯತೊಡಗಿದೆ. ನಮ್ಮ ಗ್ರಹಚಾರಕ್ಕೆ ಸಾಹೇಬರು ಕೆಲಸ ಬಲ್ಲವರು. "ನಿಮ್ಮ ಕಾಲು ಸರಿ ಇಲ್ಲ. ತಾಳಿ, ನಾನು ತೋರಿಸ್ತೀನಿ," ಎಂದು ಬೂಟು ಬಿಚ್ಚಿಟ್ಟು ಅವರೂ ಹತ್ತಿದರು. ಅವರು ತುಳಿಯುವುದು, ನಾನು ಸೂಡಿ ಕೊಡುವುದು. ನಿಜಕ್ಕೂ ಚೆನ್ನಾಗಿ ತುಳಿದರು. ಭತ್ತ ಗಾಡಿಯ ತುಂಬ ಉದುರಿತು. ಉರುಳೆಯ ವೇಗಕ್ಕೆ ಗಾಡಿ ಗಡಗಡ ನಡುಗಿತು, ಅದು ನಡುಗಿದಷ್ಟೂ ಸಾಹೇಬರಿಗೆ ಉತ್ಸಾಹ ಬಂತು. ಮೊದಲು ಬಲಗಡೆಯ ಕಲ್ಲು ಸರಿಯಿತು. ಆಮೇಲೆ ಎಡಗಡೆಯದ್ದು. ಆಮೇಲೆ ಪಡಿಮಂಚ ಪಕ್ಕಕ್ಕೆ ಮಗುಚಿತು.

ಗಾಡಿ ಹಿಂದಕ್ಕೆ ಹೊರಟಿತು.

ಸಾಹೇಬರಿಗೆ ಗೊತ್ತಾಗಲಿಲ್ಲ. ಅವರು ಉರುಳೆಯನ್ನೇ ನೋಡುತ್ತಿದ್ದರು. "ಸೂಡಿ ಕೊಡ್ರೀ," ಅಂದರು. ಕೊಟ್ಟೆ. ಬೇರೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ಇಳಿಜಾರಿನ ಅರ್ಧದಲ್ಲಿ ಇನ್ನೊಂದು ಕೇಳಿದರು, ಅದನ್ನೂ ಕೊಟ್ಟೆ. ಹಿಂದಿನಿಂದ ಗ್ರಾಮಸೇವಕರು ಬೂಟು ಹಿಡಿದುಕೊಂಡು ಓಡಿ ಬರುತ್ತಿದ್ದರು. ಮೂಕಿ ನೆಲಕ್ಕೆ ಬಿದ್ದು ಅಂಗಳದಿಂದ ಗದ್ದೆಯವರೆಗೆ ಉದ್ದಕ್ಕೂ ಒಂದು ಗೀರು ಎಳೆಯುತ್ತ ಬಂತು.

ಗಾಡಿ ಗದ್ದೆಯ ಕೆಸರಿನಲ್ಲಿ ಅಚ್ಚಿನವರೆಗೆ ಹೂತು ನಿಂತಿತು. ಯಂತ್ರ ಗಾಡಿಯಲ್ಲೇ ಉಳಿಯಿತು. ಭತ್ತವೂ ಉಳಿಯಿತು. ಸಾಹೇಬರು ಮಾತ್ರ ಹುಲ್ಲಿನ ಸೂಡಿಯ ಸಮೇತ ಗದ್ದೆಗೆ ಇಳಿದರು. ನಾವು ಹಿಡಿದೆತ್ತಿ ಬದುವಿನ ಮೇಲೆ ಕೂರಿಸಿದೆವು. ಒಂದು ಮೊಣಕಾಲು ತರಚಿತ್ತು, ಪ್ಯಾಂಟಿನ ಬಿಳಿ ಹೋಗಿತ್ತು.

ಅಷ್ಟರಲ್ಲಿ ಮೇಲಿನಿಂದ ಅಜ್ಜಿ ಎಣ್ಣೆಯ ಗಿಂಡಿ ಹಿಡಿದು ಇಳಿದು ಬಂದರು. ಸಾಹೇಬರಿಗೆ ಕಣ್ಣು ತುಂಬಿತು. "ನೋಡ್ರೀ, ನಮ್ಮ ಊರಲ್ಲೂ ಹೀಗೇನೆ, ಹಿರಿಯರು," ಎಂದು ಪ್ಯಾಂಟನ್ನು ಮೇಲೆ ಸರಿಸಿ ಮೊಣಕಾಲು ಚಾಚಿದರು. ಅಜ್ಜಿ ಆ ಕಾಲನ್ನು ಬಳಸಿ ಮುಂದೆ ಹೋಗಿ, ಕುಕ್ಕುರುಗಾಲಿನಲ್ಲಿ ಕುಳಿತು, ಮೂಕಿ ಗೀರಿದ ನೆಲಕ್ಕೆ ಎಣ್ಣೆ ಹಚ್ಚತೊಡಗಿದರು. ಗದ್ದೆಯಿಂದ ಅಂಗಳದವರೆಗೆ ಇಡೀ ಗೀರಿಗೆ ಹಚ್ಚಿ ಮುಗಿಸಿದರು. ಗಿಂಡಿಯಲ್ಲಿ ನಾಲ್ಕು ಹನಿ ಉಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು, "ಅವರಿಗೂ ಸ್ವಲ್ಪ ಹಚ್ಚು," ಅಂದರು.

ಯಂತ್ರ ಬಿಡುವುದೋ ಒಯ್ಯುವುದೋ ಹೇಳದೆ ಸಾಹೇಬರು ಜೀಪು ಹತ್ತಿದರು. ನಾನು ಟ್ರಂಕಿಗೆ ಬಟ್ಟೆ ತುಂಬಿಸಿದೆ.

ಎರಡು ವಾರದ ನಂತರ ಬ್ಲಾಕಿನಿಂದ ಕಾಗದ ಬಂತು. ಗ್ರಾಮಸೇವಕರೇ ಓದಿ ಹೇಳಿದರು. ಈ ಊರಿನ ರೈತರು ಯಂತ್ರವನ್ನು ಗಾಡಿಯ ಮೇಲೆ ಜೋಡಿಸಿ, ಅಂಗಳದಿಂದ ಗದ್ದೆಗೆ ಚಲಿಸುತ್ತಲೇ ಭತ್ತ ಬಿಡಿಸುವ ವಿಧಾನವನ್ನು ರೂಢಿಸಿಕೊಂಡಿದ್ದಾರೆ. ಚಲನೆಯಲ್ಲಿದ್ದಾಗಲೂ ಎರಡು ಸೂಡಿ ಬಿಡಿಸಿದ್ದನ್ನು ಅಧಿಕಾರಿಗಳು ಖುದ್ದಾಗಿ ಪರೀಕ್ಷಿಸಿದ್ದಾರೆ. ಯಂತ್ರವನ್ನು ಈ ಮನೆಗೇ ಬಿಟ್ಟುಕೊಡತಕ್ಕದ್ದು.

ನನಗೆ ಕುಣಿಯಬೇಕು ಅನ್ನಿಸಿತು. ಮಾವ ಎದುರಿಗಿದ್ದುದರಿಂದ ಕುಣಿಯಲಿಲ್ಲ. ಅವರು ಕಾಗದವನ್ನು ತಾವೂ ಒಮ್ಮೆ ಓದಿ, ಮಡಚಿ, ಕನ್ನಡಕ ತೆಗೆದಿಟ್ಟರು.

"ಟ್ರಂಕು ಒಳಗಿಡು," ಅಂದರು. "ಬೊಂಬಾಯಿಗೆ ನಾನು ಗಾಡಿ ಗದ್ದೆಗೆ ಇಳಿದ ದಿನ ಸಂಜೆಯೇ ಬರೆದು ಹಾಕಿದ್ದೇನೆ, ಹುಡುಗ ಬರುವುದಿಲ್ಲ ಅಂತ."

ನನಗೆ ನಂಬಲಾಗಲಿಲ್ಲ. "ಆವತ್ತೇ? ಈ ಕಾಗದ ಬರುವ ಮೊದಲೇ? ಯಾಕೆ ಮಾವ?"

ಮಾವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು, "ನಮ್ಮ ಅಂಗಳದ ಕೆಳಗೆ ಗದ್ದೆ ಉಂಟು, ನೀನು ಹತ್ತಿದ ಗಾಡಿ ಅಲ್ಲಿ ನಿಂತಿತು. ಬೊಂಬಾಯಿಯ ಆ ಹೋಟೆಲಿನ ಕೆಳಗೆ ಸಮುದ್ರವಂತೆ."